ಶಿಳ್ಳೆ ಹಾಕಿದವರು ಯಾರು

ಕೊಲ್ಲಿ ದೇಶದ ಅಲ್ ಬರ್ಷಾದ ಆ ಆಫೀಸಿನಲ್ಲಿ ಜಸೀನಾಳದು ಕೇಳುವ ಕೆಲಸ. ಸಂಬಳ ಜಾಸ್ತಿ ಕೇಳಿದರೆ ಮಾತ್ರ ಅಲ್ಲಿ ಯಾರಿಗೂ ಕೇಳಿಸುವುದಿಲ್ಲ. ಆಸ್ಟ್ರೇಲಿಯಾದ ಎತ್ತರದ ಬೆಟ್ಟಗಳ ಮೇಲೊಂದು ನೀಲಗಿರಿ ಕಾಡು. ಅಲ್ಲಿನ ಮರಗಳಿಗೆ ಕಟ್ಟಿದ ಮೈಕುಗಳ ಸದ್ದು ನೇರ ಇವಳ ಹೆಡ್‌ಫೋನಿಗೆ ಬರುತ್ತದೆ. ಯಾವ ಹಕ್ಕಿ, ಯಾವ ಕಪ್ಪೆ ಎಂದು ಗುರುತಿಸಿ ಕಾಡು ನೋಡಿಕೊಳ್ಳುವವರಿಗೆ ತಿಳಿಸಬೇಕು. ಯಾರ ದನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳುವ ಉಪ್ಪಿನಂಗಡಿಯ ಈ ಹುಡುಗಿಗೆ ಕೆಲಸ ಸಲೀಸಾಗಿ ಒಗ್ಗಿತ್ತು. ಹೋದ ವಾರವಷ್ಟೇ ಆಸ್ಟ್ರೇಲಿಯಾದ ದೊಡ್ಡ ಸಾಹೇಬರ ದನಿಯಲ್ಲಿ ಫೋನ್ ಮಾಡಿ, ಸೂಪರ್‌ವೈಸರ್ ಲಿಯೊನೆಲ್‌ಗೆ ಎಸಿಯಲ್ಲೇ ಬೆವರಿಳಿಸಿದ್ದಳು.

ಇವತ್ತು ಆ ಕಾಡಿನ ಒಂದು ಭಾಗಕ್ಕೆ ಬೆಂಕಿ ಹಾಕುವ ದಿನ. ಕಾಡು ಸುಡಲಿಕ್ಕಲ್ಲ, ಉಳಿಸಲಿಕ್ಕೆ. ತಣ್ಣಗಿನ ಸಣ್ಣ ಬೆಂಕಿ ತರಗೆಲೆ ತಿಂದುಹೋದರೆ ಹುಲ್ಲು ಚಿಗುರುತ್ತದೆ, ಬೇಸಿಗೆಯ ದೊಡ್ಡ ಬೆಂಕಿಗೆ ಮೇವು ಸಿಗುವುದಿಲ್ಲ. ಹಚ್ಚುವ ಮೊದಲು ಒಳಗೆ ಮನುಷ್ಯರ ಸದ್ದಿದೆಯೇ ಎಂದು ಇಲ್ಲಿಂದ ಕೇಳಿ ಹೇಳಬೇಕು. ಜಸೀನಾ ಕೇಳಿದ್ದಳು. ಒಂದು ಶಿಳ್ಳೆ ಕೇಳಿಸಿತ್ತು. ಆ ಕಾಡಿನಲ್ಲಿ ಲೈರ್ ಹಕ್ಕಿ ಅಂತ ಒಂದಿದೆ, ಗರಗಸ, ಕ್ಯಾಮೆರಾ, ನಾಯಿ, ಎಲ್ಲವನ್ನೂ ಅಣಕಿಸುತ್ತದೆ. ‘ಲೈರ್ ಹಕ್ಕಿ. ಜನರಿಲ್ಲ’ ಎಂದು ಕಳಿಸಿ ಚಹಾ ತರಲು ಹೋಗಿದ್ದಳು.

ಬಂದು ಹೆಡ್‌ಫೋನ್ ಏರಿಸಿದರೆ ಮತ್ತೆ ಶಿಳ್ಳೆ. ಅದರ ಬೆನ್ನಿಗೆ ಕೆಮ್ಮು. ಹಕ್ಕಿ ಕಲಿತ ಕೆಮ್ಮು ಪ್ರತಿಸಲವೂ ಒಂದೇ. ಈ ಕೆಮ್ಮು ಪ್ರತಿಸಲವೂ ಸ್ವಲ್ಪ ಸ್ವಲ್ಪ ಸೋಲುತ್ತಿತ್ತು.

ದೂರದ ಕಾಡು ಕಿವಿಯೊಳಗೇ ಕಾಡತೊಡಗಿತು.

“ಲಿಯೊನೆಲ್ ಸರ್, ಬೆಂಕಿ ನಿಲ್ಲಿಸ್ಲಿಕ್ಕೆ ಹೇಳಿ. ಒಳಗೆ ಯಾರೋ ಇದ್ದಾರೆ.”

“ಓ, ಶುರುವಾಯ್ತಾ ನಿನ್ನ ನಾಟಕ. ಇವತ್ತು ಯಾರ ದನಿ ಮಾರಾಯ್ತಿ?”

“ಸರ್, ತಮಾಷೆ ಅಲ್ಲ.”

“ಹೋದ ವಾರವೂ ಹೀಗೇ ಮುಖ ಮಾಡಿದ್ದಿ.”

ಹೇಳಿ ಪ್ರಯೋಜನವಿರಲಿಲ್ಲ. ಜಸೀನಾ ಬಾಟಲಿಯ ನೀರು ಬಾಯಿ ತುಂಬ ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡೇ ಹೆಡ್‌ಫೋನನ್ನು ಅವನ ಕಿವಿಗೆ ಒತ್ತಿದಳು. ಬಾಯಲ್ಲಿ ನೀರಿಟ್ಟು ಯಾರೂ ಮಿಮಿಕ್ರಿ ಮಾಡಲಾರರು. ಲಿಯೊನೆಲ್ ಕೇಳಿದ. ನಗು ಮಾಯವಾಯಿತು, ಅನುಮಾನ ಮಾಯವಾಗಲಿಲ್ಲ.

“ನಿಂದಲ್ಲ, ಒಪ್ಪಿದೆ. ಆದ್ರೆ ಹಕ್ಕಿ ಅಂತ ನೀನೇ ಅಲ್ವಾ ಬರ್ದದ್ದು? ಬೆಂಕಿ ಹಚ್ಲಿಕ್ಕೆ ಸರಿಯಾದ ಇಬ್ಬನಿ, ಗಾಳಿ ಎರಡೂ ಕೂಡಿ ಬರುವ ದಿನ ವರ್ಷಕ್ಕೆ ನಾಲ್ಕು ಸಿಕ್ಕಿದ್ರೆ ಹೆಚ್ಚು. ಹಕ್ಕಿ ಕೆಮ್ಮಿತು ಅಂತ ನಾನು ಹೇಗೆ ನಿಲ್ಲಿಸ್ಲಿ?”

ಅವಳು ನೀರು ನುಂಗಿದಳು. ಅಲ್ಲಿ ಈಗಾಗಲೇ ಕಡ್ಡಿ ಗೀರಿದ್ದರೆ? ಆಗ ನೆನಪಾಯಿತು, ಮೈಕಿನ ಪಕ್ಕ ಒಂದು ಸ್ಪೀಕರೂ ಇದೆ. ಗೂಬೆಯ ಕೂಗು ಬಿಟ್ಟು, ಉತ್ತರ ಬರುತ್ತದೋ ನೋಡಲು ಕಟ್ಟಿದ್ದು. ಹಕ್ಕಿ ಅಣಕಿಸಬಹುದು. ಪ್ರಶ್ನೆಗೆ ಉತ್ತರ ಕೊಡಲಾರದು.

ಅವಳು ಗುಂಡಿ ಒತ್ತಿ ಇಂಗ್ಲಿಷಿನಲ್ಲಿ ಕೇಳಿದಳು. “ಯಾರದು? ನಿಮ್ಮ ಹೆಸರೇನು?”

ಸರಸರ ಗಾಳಿ. ಎಲ್ಲೋ ಒಂದು ಕಾಗೆ. ಆಮೇಲೆ ಮುದುಕರೊಬ್ಬರ ದನಿ, ಹೆದರಿ ಒಡೆದದ್ದು. “ಮರ ಮಾತಾಡ್ತಿದೆಯಾ? ನಾನು ಗ್ರೆಗ್. ನಾಯಿ ಹುಡುಕಿ ಬಂದೆ. ಕೊಂಬೆ ಬಿತ್ತು. ಕಾಲು ಅದರಡಿ ಸಿಕ್ಕಿಕೊಂಡಿದೆ.”

ಲಿಯೊನೆಲ್ ಆಗಲೇ ಫೋನ್ ಹಿಡಿದಿದ್ದ. ಮುಖ ಸುಣ್ಣ ಬಳಿದಂತಾಗಿತ್ತು. “ಜಸೀನಾ, ಪೂರ್ವದ ಅಂಚಿಗೆ ಹಚ್ಚಿ ಆಗಿದೆಯಂತೆ. ಬೆಂಕಿ ಹಚ್ಚಿದ ಹುಡುಗರೇ ಅವರ ಕಡೆ ಓಡ್ತಿದ್ದಾರೆ. ಮಾತಾಡಿಸ್ತಾ ಇರು, ಬಿಡಬೇಡ.”

ಹೆಡ್‌ಫೋನಿನಲ್ಲಿ ಚಿಟಿಚಿಟಿ ಶುರುವಾಯಿತು. ಯಾರೋ ಹಪ್ಪಳ ಮುರಿಯುತ್ತಾ ಹತ್ತಿರ ಬಂದಂತೆ. ಎಷ್ಟು ಮೆಲ್ಲನೆಯ ಸದ್ದು, ಎಷ್ಟು ಸಾವಕಾಶ.

“ಹೊಗೆ ಬರ್ತಿದೆ,” ಎಂದರು ಗ್ರೆಗ್.

ಪೊಟರೆಯಿರುವ ಹಳೆಯ ಮರಗಳಿಗೆ ಬೆಂಕಿ ತಾಗದಿರಲೆಂದು ಹುಡುಗರು ಬುಡದ ಸುತ್ತ ತರಗೆಲೆ ಗೋರಿ, ಮಣ್ಣು ಕಾಣುವಂತೆ ಮಾಡುತ್ತಾರೆ. ಆ ಕರ್ರ ಕರ್ರ ಸದ್ದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಮನುಷ್ಯನಿಗೂ ಅದೇ ಉಪಾಯ.

“ಗ್ರೆಗ್, ಕೈಗೆ ಸಿಗುವ ಎಲೆ, ತೊಗಟೆ ಎಲ್ಲ ದೂರ ಗೋರಿ. ಕೊಂಬೆಯ ಸುತ್ತಲೂ. ಬರೀ ಮಣ್ಣು ಉಳಿಯಲಿ. ಬೆಂಕಿ ಸಣ್ಣದು, ಮಣ್ಣು ದಾಟುವುದಿಲ್ಲ.”

ದಾಟುವುದಿಲ್ಲವೆಂದು ಅವಳಿಗೇನು ಗೊತ್ತು. ಆದರೂ ದನಿ ನಡುಗಲು ಬಿಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿರುವ ಅಕ್ಕ ನಾಫಿಯಾಳ ದನಿ ಎರವಲು ಪಡೆದಿದ್ದಳು. ಎಂಥ ರೋಗಿಯೂ ಆ ದನಿಯ ಮಾತು ಕೇಳುತ್ತಾನೆ.

ಗೋರುವ ಸದ್ದು. ಕೆಮ್ಮು. ಗೋರುವ ಸದ್ದು. ಚಿಟಿಚಿಟಿ ಈಗ ಎರಡೂ ಕಿವಿಯಲ್ಲಿತ್ತು.

“ಗ್ರೆಗ್?”

ಗೋರುವುದು ನಿಂತಿತು.

“ಗ್ರೆಗ್, ನಾಯಿಯ ಹೆಸರು ಹೇಳಿ.”

ಚಿಟಿಚಿಟಿ ಮಾತ್ರ. ಲಿಯೊನೆಲ್ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ. ಅವನು ಕೊಂಕಣಿಯಲ್ಲಿ ಗೊಣಗುತ್ತಿದ್ದ ಪ್ರಾರ್ಥನೆ ಹೆಡ್‌ಫೋನಿನ ಮೇಲಿಂದಲೂ ಕೇಳುತ್ತಿತ್ತು. ಆಮೇಲೆ ದಪದಪ ಬೂಟು, ಚಿಮ್ಮುವ ನೀರು, ಕಿರಿಯ ದನಿಯೊಂದು, “ಸಿಕ್ಕಿದ್ರು, ಉಸಿರಿದೆ, ಕೊಂಬೆ ಎತ್ತಿ.” ಆಮೇಲೆ ಆ ಮುರುಕು ಕೆಮ್ಮು.

ಜಸೀನಾ ಮೇಜಿಗೆ ಹಣೆಯಿಟ್ಟಳು.

“ನೀನು ಅಲ್ ನಹ್ದಾದ ನಿನ್ನ ರೂಮಿಗೆ ಹೋಗು. ಖಲಾಸ್, ಇವತ್ತಿಗೆ ಸಾಕು,” ಎಂದ ಲಿಯೊನೆಲ್.

“ನಾಳೆ ಪಶ್ಚಿಮದ ಭಾಗಕ್ಕೆ ಹಚ್ತಾರಲ್ಲ ಸರ್? ಅಲ್ಲಿಗೂ ಬೆಳಿಗ್ಗೆ ನಾನೇ ಬರೆದದ್ದು. ಹಕ್ಕಿ, ಜನರಿಲ್ಲ ಅಂತ.”

ಅವನು ಪಕ್ಕದ ಕುರ್ಚಿ ಎಳೆದು ಕೂತು, ಇನ್ನೊಂದು ಹೆಡ್‌ಫೋನ್ ಏರಿಸಿಕೊಂಡ. ಅವಳು ಪಶ್ಚಿಮದ ಮೈಕು ತೆರೆದಳು. ಗಾಳಿ, ಎಲೆ, ಒಂದು ಶಿಳ್ಳೆ. ಗುಂಡಿಯ ಮೇಲೆ ಬೆರಳಿಟ್ಟು, ಈ ಸಲ ತನ್ನದೇ ದನಿಯಲ್ಲಿ ಕೇಳಿದಳು, “ಯಾರದು?”

ಇಬ್ಬರೂ ಉಸಿರು ಹಿಡಿದು ಕಾದರು.