ಅರ ಮುಟ್ಟದ ತಂತಿ

ಅಪ್ಪನ ಉಗುರುಸಂದಿಯ ಮಸಿಗೆ ಶ್ಯಾಮಲ ಹುಣಸೆಹಣ್ಣು ಹಚ್ಚಿ ಉಜ್ಜುತ್ತಲೇ ಇದ್ದಳು.

"ಸಾಕು ಬಿಡಮ್ಮ, ಮಣ್ಣಿಗೆ ಹೋಗೋ ಕೈ," ಅಂದಳು ಸೋದರತ್ತೆ ಅಕ್ಕಯ್ಯಮ್ಮ.

ಹೊರಗೆ ಚಟ್ಟ ಕಟ್ಟುತ್ತಿದ್ದ ಬಯ್ಯಪ್ಪ ಯಾರಿಗೋ ಹೇಳುತ್ತಿದ್ದ. "ಶಿಡ್ಲಘಟ್ಟಕ್ಕೆ ಗ್ಯಾಸ್ ವೆಲ್ಡಿಂಗ್ ತಂದೋನೇ ನಮ್ಮ ವೆಂಕಟರವಣಪ್ಪ. ಆಮೇಲೆ ಕೈ ಕೆಟ್ಟೋಯ್ತು ಕಣೋ. ಅಮೀರ್ ಜಾನ್ ಬೆರಳು ಹೋದ್ಮೇಲೆ ಬೀಡು ಕಬ್ಬಿಣಕ್ಕೆ ಉಕ್ಕು ಬೆಸಿಯೋ ಕೆಲಸ ತಂದ್ರೆ, ಚಿಂತಾಮಣಿಗೆ ಹೋಗ್ರಪ್ಪ ಅಂತಿದ್ದ."

ಶ್ಯಾಮಲಳ ಕೈ ನಿಂತಿತು. ಅಪ್ಪನ ಕೈ ಕೆಟ್ಟಿರಲಿಲ್ಲ. ಚಟ್ಟ ಏಳುವುದರೊಳಗೆ ಹೊಸ್ತಿಲಿಗೆ ಹೋಗಿ ಅಷ್ಟು ಹೇಳಿದರೆ ಆಗಿತ್ತು. ಅವಳು ಮತ್ತೆ ಉಗುರು ಉಜ್ಜತೊಡಗಿದಳು.

*

ಅದು ಆರು ವರ್ಷದ ಹಿಂದೆ, ಅವಳು ಸ್ಕೂಲು ಬಿಟ್ಟ ವರ್ಷ. ಉರಿ ನೋಡಿ ನೋಡಿ ಅಪ್ಪನ ಕಣ್ಣು ಮಂಜಾಗಿತ್ತು. ತಂತಿ ಆರಿಸಿಕೊಡುವುದು ಅವಳ ಕೆಲಸ. ಬೀಡು ಕಬ್ಬಿಣಕ್ಕೆ ಉಕ್ಕು ಕೂಡಿಸಲು ಹಿತ್ತಾಳೆ ತಂತಿಯೇ ಬೇಕು. ಕಬ್ಬಿಣದ ತಂತಿ ಹಾಕಿದರೆ ಆರಿದ ಮೇಲೆ ಬಿರಿಯುತ್ತದೆ. ಆದರೆ ಕಬ್ಬಿಣದ ತಂತಿಗೂ ತಾಮ್ರದ ಲೇಪ. ಹಳತಾದರೆ ಎರಡಕ್ಕೂ ಒಂದೇ ಬಣ್ಣ. ತುದಿಯ ಲೇಪ ಹೋಗುವಂತೆ ಅರ ಉಜ್ಜಿ, ಒಳಗೆ ಹಿತ್ತಾಳೆಯ ಹಳದಿಯೋ ಕಬ್ಬಿಣದ ಬಿಳುಪೋ ನೋಡಬೇಕು.

ಅಮೀರ್ ಜಾನ್ ತನ್ನ ರೇಷ್ಮೆ ರಾಟೆಯ ಬೀಡಿನ ಚಕ್ರವನ್ನೂ ಕಿತ್ತುಹೋದ ಉಕ್ಕಿನ ಹಿಡಿಯನ್ನೂ ತಂದ ದಿನ ಅಂಗಡಿ ತುಂಬ ಗಂಡಸರು. ಅವರೆದುರು ನಿಂತು ಅರ ಉಜ್ಜಲು ನಾಚಿ, ಕೈಗೆ ಸಿಕ್ಕಿದ ತಂತಿ ಕೊಟ್ಟು ಒಳಗೆ ಓಡಿದ್ದಳು.

ಅವತ್ತೇ ಸಂಜೆ ರಾಟೆಯ ಹಿಡಿ ಕಳಚಿತು. ಅಮೀರ್ ಜಾನನ ಎರಡು ಬೆರಳು ಹಲ್ಲುಚಕ್ರಕ್ಕೆ ಸಿಕ್ಕವು.

"ನನ್ನ ಕೈತಪ್ಪು," ಅಂದಿದ್ದ ಅಪ್ಪ, ಎಲ್ಲರ ಮುಂದೆ.

*

ಅಮೀರ್ ಜಾನ್ ತಲೆಗೆ ಕರ್ಚೀಫು ಕಟ್ಟಿಕೊಂಡು ಒಳಗೆ ಬಂದು ಹೆಣದ ಪಕ್ಕ ಕೂತ.

"ಮಾಮ," ಅಂದಳು ಶ್ಯಾಮಲ, ಅವನಿಗಷ್ಟೇ ಕೇಳುವಂತೆ. "ಅವತ್ತು ತಂತಿ ಕೊಟ್ಟಿದ್ದು ನಾನು. ಅರ ಉಜ್ಜಿರಲಿಲ್ಲ."

"ಗೊತ್ತಮ್ಮ. ತಂತಿ ಕರಗೋವಾಗ್ಲೇ ನಿಮ್ಮಪ್ಪನಿಗೆ ತಿಳೀತಂತೆ. ಅಷ್ಟು ಜನದ ಮುಂದೆ ನಿನ್ನ ತಪ್ಪು ಅನ್ನೋಕಾಗ್ದೆ ಮುಗಿಸ್ಬಿಟ್ಟ. ಸಂಜೆ ನಮ್ಮನೆಗೆ ಓಡಿಬಂದು, ತಿರುಗಿಸ್ಬೇಡ ಜಾನ್, ನಾಳೆ ಬೇರೆ ಹಾಕ್ತೀನಿ ಅಂದ. ರೇಷ್ಮೆ ಗೂಡು ಬೇಯ್ತಾ ಇತ್ತು, ಬಿಟ್ರೆ ಕೆಡ್ತಿತ್ತು. ನಾನು ಕೇಳ್ಲಿಲ್ಲ."

"ನಂಗ್ಯಾಕೆ ಒಂದು ಮಾತೂ ಅನ್ಲಿಲ್ಲ ಅಪ್ಪ?"

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದ. ನೀನು ಅಂಗಡಿ ಕಡೆ ಬರೋದೇ ಬಿಟ್ಟೆ. ತಂತಿ ಆರಿಸೋರಿಲ್ಲ ಅಂತ್ಲೇ ಎಲ್ಲಾರ್ನೂ ಚಿಂತಾಮಣಿಗೆ ಕಳಿಸ್ತಿದ್ದ ಕಣಮ್ಮ."

"ಬಾಯಿಗೆ ಅಕ್ಕಿ ಹಾಕೋರು ಬನ್ರಪ್ಪ, ಹೊತ್ತಾಯ್ತು," ಬಯ್ಯಪ್ಪ ಕೂಗಿದ.

ಅಮೀರ್ ಜಾನ್ ಮೊರಕ್ಕೆ ಕೈಹಾಕಿ ಹಿಡಿ ಅಕ್ಕಿ ತೆಗೆದ. ಅಪ್ಪನ ಬಾಯಿಯ ಹತ್ತಿರ ಒಯ್ಯುವುದರೊಳಗೆ, ಬೆರಳಿಲ್ಲದ ಸಂದಿಯಿಂದ ಕಾಳು ಸುರಿಯತೊಡಗಿತು. ಶ್ಯಾಮಲ ಹುಣಸೆ ಅಂಟಿದ ತನ್ನ ಅಂಗೈಯನ್ನು ಅದರ ಕೆಳಗೆ ಒಡ್ಡಿದಳು.