ಹೊಸ ಕರ್ನಲ್‌ಗೆ ಗಂಗಾಶ್ರೀ ಮಿಸ್ ಕೊಟ್ಟ ಉತ್ತರ

ಶಿಕಾರಿಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಗಂಗಾಶ್ರೀ ಮಿಸ್‌ಗೆ ಐವತ್ತು ವರ್ಷ. ಹುಟ್ಟಿನಿಂದ ಕಣ್ಣು ಕಾಣದು. ಕುತೂಹಲ ಮಾತ್ರ ನಾಲ್ಕು ಜನಕ್ಕೆ ಹಂಚುವಷ್ಟಿದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಬ್ರೈಲ್ ಪಟ್ಟಿಯ ಮೇಲೆ ಏಳುವ ಚುಕ್ಕಿಗಳನ್ನು ಬೆರಳಿನಿಂದ ಓದುತ್ತ ಪಾಠ ನಡೆಸುತ್ತಾರೆ.

ಆ ಭಾನುವಾರ ಹಳೆಯ ಶಿಷ್ಯೆ ಸಮೀಕ್ಷಾ ಸೊರಬದಿಂದ ಬಸ್ಸಿನಲ್ಲಿ ಬಂದಳು. ಮಿಸ್‌ನ ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸುವ ತಂಡಕ್ಕೆ ಅವಳು ಬಿಡುವಿನಲ್ಲಿ ಅದನ್ನು ಪರೀಕ್ಷೆ ಮಾಡಿಕೊಡುತ್ತಾಳೆ. ಮುಂದಿನ ಆವೃತ್ತಿಗೆ ಹೊಸ ಕರ್ನಲ್, ಅಂದರೆ ಯಂತ್ರವನ್ನೆಲ್ಲ ಆಡಿಸುವ ಒಳತಿರುಳು, ಹಾಕಬೇಕೋ ಹಳೆಯದೇ ಇರಬೇಕೋ ಎಂಬುದು ಅಂದು ಸಂಜೆಯೊಳಗೆ ತೀರ್ಮಾನವಾಗಬೇಕಿತ್ತು.

“ತೀರ್ಮಾನ ಮಾಡೋ ದೊಡ್ಡ ಮನುಷ್ಯ ಯಾರೇ?”

“ಹಂಗೆ ಒಬ್ರಿಲ್ಲ ಮಿಸ್. ಹೊಸ ಲ್ಯಾಪ್‌ಟಾಪಿನೋರಿಗೆ ಹೊಸದೇ ಬೇಕು. ಆದ್ರೆ ನಡೀತಿರೋದು ಕೆಡಬಾರ್ದು. ನಿಮ್ಮಂಥೋರು ಹಾಕಿ ನೋಡಿ ಹೇಳಿದ್ದನ್ನ ಓದಿ ತಂಡದೋರು ನಿರ್ಧಾರ ಮಾಡ್ತಾರೆ.”

“ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನು!” ಮಿಸ್ ನಕ್ಕರು.

ಹೊಸದನ್ನು ಹಾಕಿದರು. ಚುಕ್ಕಿಗಳೇನೋ ಸರಿಯಾಗಿಯೇ ಎದ್ದವು. ಆದರೆ ಲ್ಯಾಪ್‌ಟಾಪ್ ಒಂದು ಸಲ ನಿದ್ದೆಗೆ ಹೋಗಿ ಎದ್ದಿದ್ದೇ ತಡ, ಪಟ್ಟಿ ಸತ್ತು ಮಲಗಿತು. ರೀಸ್ಟಾರ್ಟ್ ಮಾಡಿದರೆ ಮಾತ್ರ ಜೀವ. ಪಾಠದ ನಡುವೆ ಹೀಗಾದರೆ ನಲವತ್ತು ಮಕ್ಕಳ ಮುಂದೆ ಮಿಸ್ ಸುಮ್ಮನೆ ನಿಲ್ಲಬೇಕು.

ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? “ನನ್ನೊಬ್ಬಳಿಗೋಸ್ಕರ ಅಷ್ಟು ಜನಕ್ಕೆ ಯಾಕೆ ತೊಂದ್ರೆ? ಹೊಂದ್ಕೊಂಡ್ ಹೋದ್ರಾಯ್ತು ಬಿಡೇ” ಎಂದವರೇ, ಸಮೀಕ್ಷಾ ಬೇಡ ಬೇಡವೆಂದರೂ ‘ಚೆನ್ನಾಗಿದೆ’ ಎಂದು ಬರೆದು ಕಳಿಸಿಬಿಟ್ಟರು. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನೂ ಹೊಗಳುತ್ತೇವಲ್ಲ, ಹಾಗೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಬ್ರೈಲ್ ಪಟ್ಟಿಯದೊಂದೇ ಅನುಮಾನವಿತ್ತು, ಇನ್ನು ಹೊಸದನ್ನೇ ಹಾಕುತ್ತೇವೆ ಎಂದಿದ್ದರು.

“ಬ್ರೈಲ್ ಇಟ್ಕೊಂಡು ನೋಡಿದೋರು ಎಷ್ಟು ಜನ?”

“ನೀವೊಬ್ರೇ ಮಿಸ್.”

ಯಾವುದೋ ಊರಿನಲ್ಲಿ ತನ್ನಂಥವರು ಇನ್ಯಾರೋ ಸತ್ತ ಪಟ್ಟಿಯ ಮೇಲೆ ಬೆರಳಿಟ್ಟು ಕಾಯುವುದು ನೆನೆದು ಮಿಸ್‌ಗೆ ನಾಚಿಕೆಯಾಯಿತು. ಮತ್ತೆ ಬರೆದರು: ‘ನಾನು ಹೇಳಿದ್ದು ಸುಳ್ಳು. ನಿದ್ದೆಯಿಂದೆದ್ದ ಮೇಲೆ ಪಟ್ಟಿ ಕೆಲಸ ಮಾಡುವುದಿಲ್ಲ. ನನಗೆ ತೊಂದರೆಯಾಗುತ್ತದೆ.’ ಕೊನೆಯ ಸಾಲಿಗೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಇಬ್ಬರೂ ಕಾಯುತ್ತ ಕೂತರು. ಸಮೀಕ್ಷಾಳ ಬಸ್ಸೂ ಹೋಯಿತು. ಆಮೇಲೆ ಚುಕ್ಕಿಗಳು ಎದ್ದವು: ‘ಹಾಗಾದರೆ ಹಳೆಯದೇ ಇರಲಿ. ಸರಿಪಡಿಸಿ ಕಳಿಸುತ್ತೇವೆ. ನೀವು ಸರಿ ಎನ್ನುವವರೆಗೆ ಹೊಸದು ಕಾಯಲಿ.’

ಮಿಸ್ ಅದರ ಮೇಲೆ ಎರಡು ಸಲ ಬೆರಳಾಡಿಸಿದರು.

“ಇಷ್ಟೇ ಏನೇ?” ಎಂದರು. “ಇಷ್ಟು ವರ್ಷ... ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತಾ?”