ಜಡ್ಜ್‌ನ ಹೊಟ್ಟೆಗೆ ಹಿಡಿಸದ್ದು

ಹಾವು ತಿಂದದ್ದನ್ನು ಕಕ್ಕಿದರೆ ಜನ ಮೊದಲು ಹಾವನ್ನು ಬೈಯುತ್ತಾರೆ, ಆಮೇಲೆ ಇಲಿ ಮಾರಿದವನನ್ನು. ನಾನು ನೇರವಾಗಿ ಸಾಕಿದವರನ್ನೇ ಬೈಯುತ್ತೇನೆ. ನಲವತ್ತು ವರ್ಷ ಕಿಂಗ್‌ಸ್ನೇಕ್ ಸಾಕಿದ್ದೇನೆ. ನಮ್ಮ ಟಾಫ್ಟ್ ಊರಿನಲ್ಲಿ ಯಾರ ಮನೆಯ ಹಾವು ಊಟ ಬಿಟ್ಟರೂ ಮೊದಲ ಫೋನು ನನಗೇ. ಎಣ್ಣೆ ಬಾವಿಗಳ ಪಂಪು ರಿಪೇರಿ ಮಾಡಿ ನಿವೃತ್ತನಾದವನು ನಾನು, ಲೈಲ್. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರಿಗೆಲ್ಲ ಗೊತ್ತು.

ಓಪಲ್ ನಮ್ಮ ಬೀದಿಯ ಕೊನೆಯ ಮನೆಯವಳು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಬಡಿಸಿ, ಮೇ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಅವಳ ಕಿಂಗ್‌ಸ್ನೇಕ್‌ನ ಹೆಸರು ಜಡ್ಜ್. ಕಪ್ಪು ಮೈ, ಬಿಳಿ ಪಟ್ಟೆ, ಎರಡು ಮೊಳಕ್ಕಿಂತ ತುಸು ಉದ್ದ, ವಿಷವಿಲ್ಲ. ಹನ್ನೊಂದು ವರ್ಷದ ಕೆಳಗೆ, ಅವಳು ಗಂಡನನ್ನು ಕಳೆದುಕೊಂಡ ವರ್ಷ, ಗೇಣುದ್ದದ ಮರಿಯನ್ನು ನಾನೇ ಕೊಟ್ಟಿದ್ದೆ. ಸಾಕುವುದನ್ನು ಕಲಿಸಿದವನೂ ನಾನೇ. ಪ್ರತಿ ಭಾನುವಾರ ಚರ್ಚ್ ಮುಗಿಸಿದ ಮೇಲೆ ಅವಳ ಮನೆಯಲ್ಲಿ ನನ್ನ ಊಟ. ಊಟವಾದ ಮೇಲೆ ಜಡ್ಜ್‌ನನ್ನು ಹೆಗಲಿಗೆ ಹಾಕಿಕೊಂಡು ಒಂದು ಗಂಟೆ ಕೂರುತ್ತಿದ್ದೆ. ವಾರವೆಲ್ಲ ನಾನು ಕಾಯುತ್ತಿದ್ದದ್ದು ಆ ಒಂದು ಗಂಟೆಗೆ.

ಜೂನ್ ತಿಂಗಳ ಒಂದು ಮಂಗಳವಾರ ಓಪಲ್ ಫೋನ್ ಮಾಡಿದಳು.

"ಲೈಲ್, ಜಡ್ಜ್ ಕಕ್ಕಿಬಿಟ್ಟಿದಾನೆ ಕಣೋ. ಇಡೀ ಇಲಿ ಹಾಗೇ ಬಿದ್ದಿದೆ. ವಾಸನೆ ತಡ್ಯಕ್ಕಾಗ್ತಿಲ್ಲ."

ಹೋಗಿ ನೋಡಿದೆ. ಗಾಜಿನ ಪೆಟ್ಟಿಗೆಯ ಬೆಚ್ಚಗಿನ ಮೂಲೆ ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಸರಿಯಾಗಿಯೇ ಇತ್ತು. ನೀರು ಶುದ್ಧ. ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿಟ್ಟು ಚೆನ್ನಾಗಿ ಕರಗಿಸಿಯೇ ಕೊಟ್ಟಿದ್ದಳು. ಮೈಮೇಲೆ ಉಣ್ಣೆಹುಳುವಿಲ್ಲ, ಬಾಯಲ್ಲಿ ಹುಣ್ಣಿಲ್ಲ. ಇನ್ನು ಉಳಿದದ್ದು ಅಡುಗೆಯವಳ ಕೈ ಒಂದೇ.

"ದಪ್ಪ ಇಲಿ ಕೊಟ್ಟಿರ್ತೀಯ. ಶಾಲೆ ಮಕ್ಕಳಿಗೆ ಬಡಿಸ್ದಂಗೆ ಇವನಿಗೂ ಬಡಿಸ್ತಾ ಕೂತಿದ್ರೆ ಇನ್ನೇನಾಗತ್ತೆ?"

"ಯಾವಾಗ್ಲೂ ಕೊಡೋದನ್ನೇ ಕೊಟ್ಟಿದ್ದು ಕಣೋ."

"ಹದಿನಾಲ್ಕು ದಿನ ಏನೂ ಕೊಡ್ಬೇಡ. ಮುಟ್ಲೂಬೇಡ. ಆಮೇಲೆ ಚಿಕ್ಕದೊಂದು ಇಲಿ."

ಕಕ್ಕಿದ ಹಾವಿನ ಹೊಟ್ಟೆಯೊಳಗೆ ಅರಗಿಸುವ ರಸ ಮತ್ತೆ ತುಂಬಿಕೊಳ್ಳಬೇಕು, ಸುಟ್ಟ ಗಂಟಲು ಮಾಯಬೇಕು. ಅದಕ್ಕೆ ಎರಡು ವಾರ ಬೇಕೇ ಬೇಕು. ಮೇಲಿಂದ ಮೇಲೆ ಕಕ್ಕಿದರೆ ಹಾವು ಉಳಿಯುವುದಿಲ್ಲ. ಇದನ್ನೂ ಹೇಳಿದೆ. ಓಪಲ್ ಎಪ್ರನ್ನಿನ ಅಂಚನ್ನು ಹಿಂಡುತ್ತ ನಿಂತಿದ್ದಳು. ಹಸಿದವರನ್ನು ಹದಿನಾಲ್ಕು ದಿನ ಸುಮ್ಮನೆ ನೋಡುತ್ತ ಕೂರುವುದು ಅವಳ ಜನ್ಮದಲ್ಲಿ ಮಾಡಿದ ಕೆಲಸವಲ್ಲ. ಆದರೂ ಮಾಡಿದಳು.

ಜೂನ್ ಕೊನೆಗೆ ಕೊಟ್ಟ ಚಿಕ್ಕ ಇಲಿ ಹೊಟ್ಟೆಯಲ್ಲಿ ನಿಂತಿತು. ಜುಲೈ ನಡುವಿನ ಇಲಿ ನಿಲ್ಲಲಿಲ್ಲ. ಮತ್ತೆ ಎರಡು ವಾರ ಉಪವಾಸ, ಮತ್ತೆ ಚಿಕ್ಕ ಇಲಿ, ಎರಡನೆಯ ದಿನ ಮತ್ತೆ ಅದೇ ವಾಸನೆ. ಜಡ್ಜ್‌ನ ಬೆನ್ನೆಲುಬು ಮೇಲೆದ್ದು ಕಾಣತೊಡಗಿತು. ಬಾಲದ ಬುಡ ಸೊರಗಿತು.

"ಕದ್ದು ಕೊಟ್ಟಿದೀಯ," ಎಂದೆ.

"ಇಲ್ಲ ಲೈಲ್."

"ಮಧ್ಯದಲ್ಲಿ ಕರುಳು ಚುರುಕ್ ಅಂದು ಒಂದು ಇಲಿ ಹಾಕಿದೀಯ. ನನ್ನ ಹತ್ರ ಸುಳ್ಳು ಹೇಳ್ಬೇಡ ಕಣೇ. ಹೊಟ್ಟೆಗೆ ಹಾಕಿ ಹಾಕೇ ಕೊಲ್ತೀಯ ನೀನು ಇದನ್ನ!"

ಅವಳು ಕುರ್ಚಿಯಲ್ಲಿ ಕೂತು ತನ್ನ ಅಂಗೈಗಳನ್ನೇ ನೋಡಿಕೊಂಡಳು. ನಾನು ಪೆಟ್ಟಿಗೆ ಸಮೇತ ಜಡ್ಜ್‌ನನ್ನು ನನ್ನ ಗಾಡಿಗೆ ಹಾಕಿಕೊಂಡು ಬಂದೆ.

ನನ್ನ ಮನೆಯಲ್ಲಿ ಹದಿನೈದು ದಿನ ಬಿಟ್ಟು, ಒಂದು ಬುಧವಾರ, ಕೂದಲು ಬಾರದ ಇಲಿಮರಿ ಕೊಟ್ಟೆ. ನಿಂತಿತು. ಎಂಟು ದಿನ ಬಿಟ್ಟು ಇನ್ನೊಂದು. ಅದೂ ನಿಂತಿತು. ಮೂರನೆಯದಕ್ಕೆ ಜಡ್ಜ್ ಇಕ್ಕಳದಿಂದ ಕಿತ್ತುಕೊಂಡು ತಿಂದ, ಒಂದು ವಾರದಲ್ಲಿ ಸರಿಯಾದ ಹಿಕ್ಕೆ ಹಾಕಿದ. ಹಿಕ್ಕೆ ನೋಡಿ ಕುಣಿದಾಡುವವರು ಹಾವು ಸಾಕಿದವರು ಮಾತ್ರ. ಆ ಖುಷಿಯಲ್ಲೇ ಓಪಲ್‌ಗೆ ಹೇಳಲು ಹೋದೆ. ಆ ದಿನಗಳಲ್ಲಿ ಭಾನುವಾರದ ಊಟಕ್ಕೆ ನಾನು ಹೋಗಿರಲಿಲ್ಲ. ಅವಳೂ ಕರೆದಿರಲಿಲ್ಲ.

"ನೋಡಿದ್ಯಾ? ನನ್ನ ಕೈಲಿ ಮೂರಕ್ಕೆ ಮೂರೂ ದಕ್ಕಿದಾವೆ!"

"ದೇವರು ದೊಡ್ಡವನು," ಎಂದಳು. ಒಳಗೆ ಹೋಗಿ ಫ್ರಿಜ್ಜಿನ ಬಾಗಿಲಲ್ಲಿದ್ದ ಕ್ಯಾಲೆಂಡರು ತಂದು ನನ್ನ ಕೈಗಿಟ್ಟಳು. "ಅವನು ಇನ್ಮೇಲೆ ನಿನ್ನ ಹತ್ರಾನೇ ಇರ್ಲಿ ಲೈಲ್. ನನ್ನ ಕೈಲಿ ಆಗಲ್ಲ. ಹಾವು ಕೈ ಬದಲಾದ್ರೆ ಊಟದ ಲೆಕ್ಕಾನೂ ಜೊತೆಗೆ ಹೋಗ್ಬೇಕು ಅಂತ ನೀನೇ ಹೇಳ್ಕೊಟ್ಟಿದ್ದೆ ಅಲ್ವಾ."

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಂತೋಷವಾಯಿತು. ಅಂಥ ಅಚ್ಚುಕಟ್ಟಾದ ಪಟ್ಟೆ ನನ್ನ ಬೇರೆ ಯಾವ ಹಾವಿಗೂ ಇಲ್ಲ. ಗಾಡಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಪುಟ ತಿರುವಿದೆ.

ಜನವರಿಯಿಂದ ಮೇವರೆಗೆ, ವಾರ ಬಿಟ್ಟು ವಾರ, ಶುಕ್ರವಾರದ ಮನೆಗಳಲ್ಲಿ "ಇಲಿ" ಎಂದು ಬರೆದಿತ್ತು. ಶಾಲೆಯಿಂದ ಬಂದ ಸಂಜೆ ಕೊಡುತ್ತಿದ್ದಳು. ಕಕ್ಕಿದ ದಿನಕ್ಕೆ ಅವಳು ಎಳೆಯುತ್ತಿದ್ದ ಕೆಂಪು ಗೀಟು ಒಂದೂ ಇಲ್ಲ. ಜೂನ್‌ನಿಂದ ಶುಕ್ರವಾರಗಳು ಖಾಲಿ. ಇಲಿ ಭಾನುವಾರಕ್ಕೆ ಬಂದಿತ್ತು. ಅದೇ ಮನೆಯಲ್ಲಿ, ಇಲಿಯ ಕೆಳಗೆ, ಅವಳ ದುಂಡು ಅಕ್ಷರದಲ್ಲಿ: "ಲೈಲ್ — ಊಟ." ಅದರ ಮುಂದಿನ ಮಂಗಳವಾರ ಕೆಂಪು ಗೀಟು. ಜೂನ್ ಕೊನೆಯ ಭಾನುವಾರ ಇಲಿ ಮಾತ್ರ ಇತ್ತು, ನನ್ನ ಹೆಸರಿರಲಿಲ್ಲ. ಆ ವಾರ ನಾನು ಫ್ರೆಸ್ನೋದಲ್ಲಿ ತಂಗಿಯ ಮನೆಯಲ್ಲಿದ್ದೆ. ಕೆಂಪು ಗೀಟೂ ಇರಲಿಲ್ಲ. ಜುಲೈನಲ್ಲಿ ಎರಡು ಭಾನುವಾರ ಇಲಿ, ಎರಡೂ ಸಲ ಲೈಲ್, ಎರಡೂ ಸಲ ಗೀಟು.

ತಿಂದ ಹಾವನ್ನು ಎರಡು ದಿನ ಯಾರೂ ಎತ್ತಬಾರದು. ಸಾಕುವವರಿಗೆ ಮೊದಲ ದಿನ ಹೇಳುವ ಪಾಠ ಇದು. ಇಲಿ ನುಂಗಿ ಎರಡು ಗಂಟೆಯೂ ಆಗದ ಹಾವನ್ನು ನಾನು ಹೆಗಲ ಮೇಲೆ ಹಾಕಿಕೊಂಡು, ಬೆನ್ನು ಸವರುತ್ತ, ಅದರ ಯಜಮಾನಿಗೆ ಬುದ್ಧಿ ಹೇಳುತ್ತ ಕೂತಿದ್ದೆ. ಇಲಿ ಯಾವತ್ತು ಕೊಟ್ಟೆ ಎಂದು ಒಂದು ಸಲವೂ ಕೇಳಲಿಲ್ಲ.

ಗಾಡಿ ಚಾಲೂ ಮಾಡಿ ಮನೆಗೆ ಹೋಗಿಬಿಡಬಹುದಿತ್ತು. ಹಾವು ನನ್ನದಾಗಿತ್ತು, ಲೆಕ್ಕ ನನ್ನ ಕೈಯಲ್ಲಿತ್ತು, ಅದನ್ನು ಓದಬಲ್ಲವನು ಊರಲ್ಲಿ ನಾನೊಬ್ಬನೇ. ಒಂದು ಗಳಿಗೆ ಕೀಲಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಆಮೇಲೆ ಮನೆಗೆ ಹೋದೆ, ಜಡ್ಜ್‌ನ ಪೆಟ್ಟಿಗೆ ಹೊತ್ತು ಗಾಡಿಗೆ ಹಾಕಿದೆ, ತಿರುಗಿ ಬಂದು ಅದನ್ನು ಒಳಗಿಳಿಸಿದೆ. ಬೈಯುವುದಕ್ಕೆ ಇಷ್ಟು ವರ್ಷ ತಡೆಯದ ನಾಲಿಗೆ ಅವಳ ಅಡುಗೆಮನೆಯಲ್ಲಿ ತೊದಲಿತು. ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿ, ಮನೆ ಮನೆಯಾಗಿ ಬೆರಳಿಟ್ಟು ತೋರಿಸಿದೆ.

ಓಪಲ್ ನನ್ನ ಬೆರಳಿನ ಹಿಂದೆಯೇ ತನ್ನ ಬೆರಳಿಟ್ಟು ಕೆಂಪು ಗೀಟುಗಳನ್ನು ಎಣಿಸಿದಳು.

"ಇಲಿ ಕೊಡೋದನ್ನ ಭಾನುವಾರಕ್ಕೆ ಯಾಕೆ ಬದಲಾಯಿಸ್ದೆ?" ಎಂದು ಕೇಳಿದೆ.

"ಕೆಲಸ ಬಿಟ್ಮೇಲೆ ಶುಕ್ರವಾರ ಯಾವ್ದು, ಸೋಮವಾರ ಯಾವ್ದು ಅಂತ ಗೊತ್ತಾಗ್ತಿರ್ಲಿಲ್ಲ. ಗೊತ್ತಾಗ್ತಿದ್ದಿದ್ದು ಭಾನುವಾರ ಒಂದೇ. ನೀನು ಬರ್ತಿದ್ದೆಯಲ್ಲ. ಅವನಿಗೂ ಕೊಟ್ಬಿಟ್ರೆ ಮನೇಲಿ ಯಾರೂ ಹಸ್ಕೊಂಡಿರಲ್ಲ ಅನ್ಕೊಂಡೆ."

"ತಿಂದ ಹಾವನ್ನ ಎತ್ಬಾರ್ದು ಅಂತ ನಿಂಗೆ ಗೊತ್ತಿತ್ತಲ್ಲೇ. ನನ್ನನ್ಯಾಕೆ ತಡೀಲಿಲ್ಲ?"

"ನಾನು ಎತ್ಬಾರ್ದು ಅಂತ ನೀನು ಹೇಳ್ಕೊಟ್ಟಿದ್ದೆ. ನಾನು ಎತ್ಲಿಲ್ಲ. ಹೇಳ್ಕೊಟ್ಟವನು ನೀನು, ನಿನ್ನ ಕೈ ಬೇರೆ ಅಂತ ತಿಳ್ಕೊಂಡಿದ್ದೆ ಲೈಲ್."

ಇದಕ್ಕಿಂತ ಅವಳು ಬಾಣಲೆಯಲ್ಲಿ ತಲೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಹಾವು ನಿನ್ನದೇ, ಇನ್ನು ಮೇಲೆ ಬುಧವಾರ ಊಟ ಕೊಡು, ನಾನು ಮುಟ್ಟುವುದಿಲ್ಲ ಎಂದು ಏನೇನೋ ಬಡಬಡಿಸಿದೆ.

"ಎಷ್ಟು ಸಲ ಈ ಪೆಟ್ಟಿಗೆ ಮುಂದೆ ಮಂಡಿಯೂರಿ ತಪ್ಪಾಯ್ತು ಕಂದ ಅಂದಿದೀನೋ ಲೆಕ್ಕ ಇಲ್ಲ," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. "ಈಗ ನೀನು ಅನ್ನು."

"ಹಾವಿಗಾ?"

"ಮತ್ತೆ ಕಕ್ಕಿದ್ದು ಯಾರು?"

ನನ್ನ ಬಲಮಂಡಿ ಕೆಟ್ಟು ಆರು ವರ್ಷವಾಗಿದೆ. ಮೇಜಿನ ಕಾಲು ಹಿಡಿದು ನಿಧಾನಕ್ಕೆ ನೆಲಕ್ಕೆ ಕೂತೆ. ಜಡ್ಜ್ ಗಾಜಿನಾಚೆಯಿಂದ ನಾಲಿಗೆ ಆಡಿಸಿದ. ತಪ್ಪಾಯ್ತು ಎಂದೆ.

ಓಪಲ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತಳು.

"ಇನ್ನೊಂದ್ಸಲ ಹೇಳು," ಎಂದಳು. "ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಅವಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ.